ಹೇಮಾವತಿಯ ನೀರೂ ಶೆಟ್ಟಿಹಳ್ಳಿಯ ದೇವಾಲಯವೂ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸದ ಪಾಠ)



ಶತಮಾನೋತ್ಸವವೆಂಬುದು ಉಳಿದು ಬಾಳಿದ ಧರ್ಮಕೇಂದ್ರದ ಹಬ್ಬ. ನೂರು ವರ್ಷ ಮೊಳಗಿದ ಗಂಟೆ, ಬಂದು ಹೋದ ಗುರುಗಳ ಭಾವಚಿತ್ರಗಳ ಸಾಲು, ಕಟ್ಟಡಕ್ಕೆ ಕೈನೀಡಿದ ದಾನಿಗಳು, ಇವರೆಲ್ಲರನ್ನು ಕುರಿತು ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು ಅದನ್ನೇ ಮತ್ತೆ ಹೇಳಹೊರಟರೆ ನಿಮ್ಮ ತಾಳ್ಮೆಯ ಪರೀಕ್ಷೆಯಾದೀತು. ಆದುದರಿಂದ ನೂರು ವರ್ಷ ತುಂಬಿದ ಬಳಿಕ ನೀರಿನ ಪಾಲಾದ ಒಂದು ದೇವಾಲಯದ ವಿಷಯವನ್ನು ನಿಮ್ಮ ಮುಂದೆ ಇಡಬಯಸುತ್ತೇನೆ. ಅದು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯ. ತುಮಕೂರಿನವರಾದ ನಮಗೂ ಅದಕ್ಕೂ ಏನು ನಂಟು ಎಂದು ಕೇಳುವಿರಿ. ನಂಟು ನಮ್ಮ ಅಡಿಗೆಮನೆಯ ಕೊಡದಲ್ಲಿಯೇ ಇದೆ. ಅದನ್ನು ಮುಂದೆ ಹೇಳುವೆನು.

ಹಾಸನದ ಸೀಮೆಯ ಕ್ರೈಸ್ತ ಬಾಳು ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ ಸ್ವಾಮಿಗಳು. ಇವರು 1792ರಲ್ಲಿಯೇ ಭಾರತಕ್ಕೆ ಬಂದವರು. ನಮ್ಮ ಜನರಂತೆ ಉಟ್ಟು, ನಮ್ಮ ಜನರಂತೆ ಉಂಡು, 'ದೊಡ್ಡಸ್ವಾಮಿ' ಎನಿಸಿಕೊಂಡರು. ಬಡವರಿಗೆ ಬೇಸಾಯದ ನೆಲೆ ಬೇಕೆಂದು ಸಾಥಳ್ಳಿಯಲ್ಲಿ ಒಕ್ಕಲು ಹೂಡಿಸಿದರು. ಸಿಡುಬಿಗೆ ಆಗ ಹೊಸದಾಗಿದ್ದ ದೇವಿ ಹಾಕಿಸುವ ಕ್ರಮವನ್ನು ಈ ಸೀಮೆಯಲ್ಲಿ ಹರಡಿದರು. ಇಂತಹ ದುಡಿಮೆಯ ಬಳಿಕ 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಈ ನಾಡಿನಲ್ಲಿ ಕ್ರೈಸ್ತ ಧರ್ಮಕ್ಕೆ ಹೆಚ್ಚಿನ ಭವಿಷ್ಯವಿಲ್ಲವೆಂಬ ಅರ್ಥದ ಪತ್ರಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದರೆಂಬುದು ಸೋಜಿಗ. ಅವರು 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅವರು ಹೂಡಿದ ಸಾಥಳ್ಳಿ ಮಾತ್ರ ಇಂದಿಗೂ ಕ್ರೈಸ್ತರ ಊರಾಗಿಯೇ ಇದೆ. ದೊಡ್ಡವರ ನಿರಾಶೆಗಿಂತ ಒಕ್ಕಲಿನ ಬೇರು ಗಟ್ಟಿಯಾಗಿತ್ತೆಂದೇ ನನ್ನ ಎಣಿಕೆ.

ಅದೇ ಸಂಸ್ಥೆಯ ಫ್ರೆಂಚ್ ಗುರುಗಳು ಸುಮಾರು 1860ರಲ್ಲಿ ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ದೇವಾಲಯವನ್ನೆತ್ತಿದರು. ಮೈಸೂರು ಸೀಮೆಯ ಮೇತ್ರಾಣಿಗಳಾಗಿ ಶಾರ್ಬೊನೊ ಅವರಿದ್ದ ಕಾಲವದು. ಗಾಥಿಕ್ ಶೈಲಿಯ ಎತ್ತರದ ಕಮಾನುಗಳು, ಚೂಪಾದ ಕಿಟಕಿಗಳು, ಬಲಿಪೀಠದ ಹಿಂದೆ ಅರ್ಧ ವೃತ್ತಾಕಾರದ ಗೋಡೆ. ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂದು ಜನ ಹೇಳುತ್ತಾರೆ. ಆಲೂರು ಸಕಲೇಶಪುರಗಳ ಆಂಗ್ಲ ತೋಟದ ದೊರೆಗಳಿಗಾಗಿ ಕಟ್ಟಿದ್ದೆಂದು ಪ್ರವಾಸದ ಲೇಖನಗಳಲ್ಲಿ ಪದೇ ಪದೇ ಬರುತ್ತದೆ. ದೊರೆಗಳೂ ಬಂದು ಮೊಣಕಾಲೂರಿರಬಹುದು. ಆದರೆ ದೊರೆಗಳು ನಾಡು ಬಿಟ್ಟ ಮೇಲೂ ಅಲ್ಲಿ ಬಲಿಪೂಜೆ ನಿಲ್ಲಲಿಲ್ಲ. ಮುಳುಗಡೆಯ ನೋಟೀಸು ಬಂದಾಗ ಮನೆ ಖಾಲಿ ಮಾಡಿದವರು ಬೇಸಾಯಗಾರರು. ದೇವಾಲಯ ಯಾರದೆಂಬ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಕಟ್ಟುವ ಕೆಲಸ 1960ರ ದಶಕದ ಕೊನೆಗೆ ಆರಂಭವಾಗಿ, 1979ರ ಹೊತ್ತಿಗೆ ಜಲಾಶಯ ಸಿದ್ಧವಾಯಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಸೇರಿಹೋದವು. ಶೆಟ್ಟಿಹಳ್ಳಿಯ ಜನ ಬೇರೆ ನೆಲೆಗಳಿಗೆ ಹೋದರು. ದೇವಾಲಯವನ್ನು ಹೊತ್ತು ಒಯ್ಯಲಾಗದು. ಅದು ನಿಂತಲ್ಲೇ ನಿಂತಿತು. ಮಳೆಗಾಲ ಬಲಿತು ಜಲಾಶಯ ತುಂಬಿದಾಗ ಗೋಡೆಗಳ ಮೇಲ್ಭಾಗ ಮಾತ್ರ ನೀರಿನ ಮೇಲೆ ಕಾಣುತ್ತದೆ. ಬೇಸಗೆಯಲ್ಲಿ ನೀರು ಇಳಿದು ಬುಡದವರೆಗೂ ನಡೆದು ಹೋಗಬಹುದು. ಚಾವಣಿಯಿಲ್ಲ, ಬಲಿಪೀಠವಿಲ್ಲ, ಗಂಟೆಯಿಲ್ಲ. ಛಾಯಾಚಿತ್ರ ತೆಗೆಯಲು ದೂರದ ಊರುಗಳಿಂದ ಜನ ಬರುತ್ತಾರೆ. ಮದುವೆಗೆ ಮುಂಚಿನ ಚಿತ್ರಗಳಿಗಾಗಿ ನಮ್ಮ ಯುವಕ ಯುವತಿಯರೂ ಹೋಗುತ್ತಾರೆಂದು ಬಲ್ಲೆ. ಹೋಗಲಿ, ಬೇಡವೆನ್ನಲಾರೆ. ಗೋಡೆಯ ಮೇಲೆ ಹೆಸರು ಕೆತ್ತಿ ಬರಬೇಡಿರೆಂದಷ್ಟೇ ನನ್ನ ವಿನಂತಿ.

ಈಗ ನಂಟಿನ ಮಾತು. ಆ ಜಲಾಶಯದ ಎಡದಂಡೆಯಿಂದ ಹೊರಟ ನೀರು ಬಾಗೂರು–ನವಿಲೆಯ ಸುರಂಗವನ್ನು ಹಾಯ್ದು, ತುಮಕೂರು ನಾಲೆಯಾಗಿ ನಮ್ಮ ಜಿಲ್ಲೆಯನ್ನು ಸೇರುತ್ತದೆ. ಬುಗುಡನಹಳ್ಳಿಯ ಕೆರೆಯಲ್ಲಿ ನಿಂತು, ಶುದ್ಧವಾಗಿ, ನಮ್ಮ ನಗರದ ನಲ್ಲಿಗಳಿಗೆ ಬರುತ್ತದೆ. ಸದಾಶಿವನಗರದ ತಾಯಂದಿರು ಕೊಡ ಹಿಡಿದು ಕಾಯುವುದು ಆ ನೀರಿಗೇ. ಗುಬ್ಬಿಯ ರೈತನೂ ಅದನ್ನೇ ನೆಚ್ಚಿದ್ದಾನೆ. ಕುಣಿಗಲಿನ ಕಡೆಗೆ ಒಯ್ಯುವ ಲಿಂಕ್ ಕಾಲುವೆಯ ವಿಚಾರದಲ್ಲಿ 2024ರಲ್ಲಿ ನಮ್ಮ ಜಿಲ್ಲೆಯೊಳಗೇ ಎಷ್ಟು ಮನಸ್ತಾಪವಾಯಿತೆಂಬುದು ನಿಮಗೆ ತಿಳಿದದ್ದೇ. ನಮ್ಮ ಪಾಲು ಎಷ್ಟು, ಅವರ ಪಾಲು ಎಷ್ಟು ಎಂದು ಎಲ್ಲರೂ ಲೆಕ್ಕ ಕೇಳಿದರು. ಈ ನೀರಿಗೆ ಜಾಗ ಬಿಟ್ಟುಕೊಟ್ಟವರ ಪಾಲು ಯಾವುದೆಂದು ಕೇಳಿದವರು ಅಪರೂಪ.

ಕಾಯಿದೆ ಅವರಿಗೆ ಏನನ್ನೂ ಕೊಡಲಿಲ್ಲವೆನ್ನುವಂತಿಲ್ಲ. ಆ ಕಾಲದಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಭೂಮಿಗೆ ಮಾರುಕಟ್ಟೆಯ ಬೆಲೆ, ಬಲವಂತದಿಂದ ತೆಗೆದುಕೊಂಡದ್ದಕ್ಕಾಗಿ ಅದರ ಮೇಲೆ ಶೇಕಡ 15. ಇದು ಶೇಕಡ 30 ಆದದ್ದು 1984ರ ತಿದ್ದುಪಡಿಯಲ್ಲಿ, ಅಂದರೆ ಜಲಾಶಯ ತುಂಬಿದ ಮೇಲೆ. ಗದ್ದೆಗೆ ಬೆಲೆಯಿದೆ, ಮನೆಗೆ ಬೆಲೆಯಿದೆ, ತೆಂಗಿನ ಮರಕ್ಕೂ ಬೆಲೆಯಿದೆ. ತಾಯಿ ಜ್ಞಾನಸ್ನಾನ ಪಡೆದ ತೊಟ್ಟಿಗೆ ಯಾವ ಅಮಲ್ದಾರರು ಬೆಲೆ ಕಟ್ಟಿಯಾರು? ಅಣೆಕಟ್ಟು ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಬರದ ಜಿಲ್ಲೆಯಲ್ಲಿ ಕುಳಿತು ಹಾಗೆ ಹೇಳುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಬೆಲೆ ಕಟ್ಟಲಾಗದ್ದು ಲೆಕ್ಕದಿಂದಲೇ ಬಿಟ್ಟುಹೋಯಿತೆಂಬುದಷ್ಟೇ ನನ್ನ ಮಾತು.

ಇನ್ನೊಂದು ಸಂಗತಿ ನನ್ನನ್ನು ಬಹಳವಾಗಿ ಕಾಡಿದೆ. 1964ರ ನವೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ದೇವಪ್ರಜೆಯೆಂಬ ಮಾತಿಗೆ ಹಿರಿಯ ಸ್ಥಾನ ಕೊಟ್ಟಿತು. ಧರ್ಮಸಭೆಯೆಂದರೆ ಕಲ್ಲುಗಾರೆಯಲ್ಲ, ಜನ ಎಂದು ನಾವು ಗುರುಮಠದಲ್ಲಿ ಓದಿದೆವು. 1983ರ ಧರ್ಮಸಭಾ ಕಾನೂನಿನ 515ನೆಯ ವಿಧಿಯೂ ಧರ್ಮಕೇಂದ್ರವನ್ನು ಭಕ್ತರ ಒಂದು ಸ್ಥಿರ ಸಮುದಾಯವೆಂದೇ ವಿವರಿಸುತ್ತದೆ. ಓದುವಾಗ ಇದು ಎಷ್ಟು ಹಗುರ! ಶೆಟ್ಟಿಹಳ್ಳಿಯವರು ಅದನ್ನು ಮೂಟೆ ಕಟ್ಟಿಕೊಂಡು ನಡೆದು ಕಲಿಯಬೇಕಾಯಿತು. ಯೆರೂಸಲೇಮಿನ ಮಹಾದೇವಾಲಯ ಉರಿದ ಮೇಲೆ ಬಾಬಿಲೋನಿನ ನದಿಗಳ ಬಳಿ ಇಸ್ರಯೇಲರು ಕಲಿತದ್ದೂ ಇದೇ ಪಾಠ. ಅವರು ಅತ್ತುಕೊಂಡೇ ಕಲಿತರು. ಕಟ್ಟಡ ಮುಖ್ಯವಲ್ಲವೆಂದು ಕಟ್ಟಡ ಕಳೆದುಕೊಳ್ಳದವರು ಉಪದೇಶಿಸಬಾರದು.

ಕಟ್ಟಡ ಹೋದರೂ ಉಳಿಯಬಲ್ಲದ್ದು ಒಂದಿದೆ: ದಾಖಲೆಯ ಪುಸ್ತಕ. ವಿವಾಹಗಳನ್ನು ಬರೆದಿಡಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ಗುರುಗಳಿಗೆ ವಿಧಿಸಿತು. ಇಂದಿನ ಕಾನೂನಿನ 535ನೆಯ ವಿಧಿಯಂತೆ ಜ್ಞಾನಸ್ನಾನ, ವಿವಾಹ, ಮರಣ, ಮೂರರ ಪುಸ್ತಕಗಳನ್ನೂ ಪ್ರತಿ ಧರ್ಮಕೇಂದ್ರವೂ ಇಡಲೇಬೇಕು. ಊರು ಚೆದುರಿದರೂ ಯಾರ ಮಗ ಯಾರು, ಯಾರು ಯಾರ ಕೈಹಿಡಿದರು, ಯಾರು ಯಾವ ದಿನ ಪ್ರಭುವಿನೆಡೆಗೆ ಹೋದರು ಎಂಬುದನ್ನು ಆ ಪುಟಗಳು ಹೇಳುತ್ತವೆ. ಶತಮಾನೋತ್ಸವ ಸಮಿತಿಯ ಹಿರಿಯರು ದ್ವಾರದ ಕಮಾನಿಗೂ ದೀಪಾಲಂಕಾರಕ್ಕೂ ಉದಾರವಾಗಿ ಹಣ ತೆಗೆದಿರಿಸಿದ್ದಾರೆ. ಅದರಲ್ಲಿ ಒಂದಂಶವನ್ನು ನಮ್ಮ ಹಳೆಯ ಪುಸ್ತಕಗಳ ರಟ್ಟು ಕಟ್ಟಿಸಲೂ ಪುಟಗಳ ಪ್ರತಿ ತೆಗೆಸಲೂ ಕೊಡಬೇಕೆಂದು ಸಭೆಯ ಎದುರಿಗೇ ಕೇಳಿಕೊಳ್ಳುತ್ತೇನೆ. ಗೆದ್ದಲಿಗೆ ಅಣೆಕಟ್ಟಿನ ನೆರವು ಬೇಕಿಲ್ಲ.

1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯ ಬೇರ್ಪಡುವವರೆಗೆ ನಾವೂ ಹಾಸನದವರೂ ಮೈಸೂರೆಂಬ ಒಂದೇ ಧರ್ಮಪ್ರಾಂತ್ಯದ ಮಕ್ಕಳು. 1963ರಿಂದ ಅವರು ಚಿಕ್ಕಮಗಳೂರಿನವರು. ಎಲ್ಲೆ ಬೇರೆಯಾದರೂ ಕುಡಿಯುವ ನೀರು ಒಂದೇ ಆಯಿತು. ಆದುದರಿಂದ ಬರುವ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ನಮ್ಮ ಮೃತರ ಜೊತೆಗೆ ಶೆಟ್ಟಿಹಳ್ಳಿ ಧರ್ಮಸಭೆಯ ಮೃತರಿಗಾಗಿಯೂ ಬೆಳಗಿನ ಬಲಿಪೂಜೆಯನ್ನು ಅರ್ಪಿಸಲು ನಿಶ್ಚಯಿಸಿದ್ದೇನೆ. ಹಾಸನದ ಕಡೆಯಿಂದ ಉದ್ಯೋಗಕ್ಕಾಗಿ ಬಂದು ಇಲ್ಲಿ ನೆಲೆಸಿರುವ ಕುಟುಂಬಗಳು ನಮ್ಮಲ್ಲಿದ್ದರೆ, ಮುಳುಗಡೆಯ ಊರುಗಳಲ್ಲಿ ತೀರಿಹೋದ ತಮ್ಮ ಹಿರಿಯರ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದೊಳಗೆ ಗುರುಮನೆಗೆ ತಲುಪಿಸಬೇಕು.