ಹಾವು ನಮ್ಮ ತೋಟದ್ದು, ಮದ್ದು ಯಾವ ಊರಿನದು?

(ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣ)

ಕನ್ನಡದ ಯುವ ಗೆಳೆಯರೇ,

ನಿಮ್ಮಲ್ಲಿ ಎಷ್ಟೋ ಮಂದಿ ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಬೆಂಗಳೂರಿಗೆ ಬಂದು ಬದುಕು ಕಟ್ಟಿಕೊಂಡವರು. ನೀವು ಇಲ್ಲಿ ಕಂಪ್ಯೂಟರ್ ಮುಂದೆ ಕೂತಿರುವಾಗ ಊರಿನಲ್ಲಿ ಅಪ್ಪ ಅಡಿಕೆ ತೋಟದಲ್ಲಿ ಸೋಗೆ ಎಳೆಯುತ್ತಿರುತ್ತಾರೆ, ಅಮ್ಮ ಹಸುವಿಗೆ ಹುಲ್ಲು ಕೊಯ್ಯುತ್ತಿರುತ್ತಾರೆ. ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವವರೂ ಇದ್ದಾರೆ. ಕಾಲ ಕೆಳಗಿನ ತರಗೆಲೆಯಲ್ಲಿ ಏನಿದೆಯೆಂದು ಅವರಿಗೆ ಕಾಣುವುದಿಲ್ಲ. ಅಲ್ಲಿ ಒಂದು ಹಾವಿರಬಹುದು. ನಾನು ಇವತ್ತು ಮಾತಾಡುವುದು ಅದರ ಬಗ್ಗೆ.

ಉಬ್ಬು ಮೂಗಿನ ಗುಳಿಮಂಡಲ. ಉದ್ದ ಸಾಮಾನ್ಯವಾಗಿ ಒಂದೂವರೆ ಅಡಿಯೊಳಗೆ. ಒಣಗಿದ ಎಲೆಯ ಬಣ್ಣ, ಮೇಲಕ್ಕೆ ಎದ್ದ ಮೂಗಿನ ತುದಿ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಇದರ ಮನೆ. "ಸಣ್ಣ ಹಾವು, ಏನೂ ಆಗುವುದಿಲ್ಲ" ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. 2007ರಲ್ಲಿ ಕೇರಳದ ವೈದ್ಯರು ಇದರ ಕಡಿತದಿಂದ ಪ್ರಾಣಾಪಾಯಕ್ಕೆ ಸಿಕ್ಕಿದ ರೋಗಿಗಳ ವಿವರ ಪ್ರಕಟಿಸಿದರು. ರಕ್ತ ಹೆಪ್ಪುಗಟ್ಟುವುದಿಲ್ಲ, ಮೂತ್ರಪಿಂಡ ಕೆಡುತ್ತದೆ. ಇದನ್ನು ಗರಗಸ ಮಂಡಲವೆಂದು ತಪ್ಪು ತಿಳಿದು ಮದ್ದು ಕೊಟ್ಟದ್ದೂ ಉಂಟು. ಮದ್ದು ನಾಟಲಿಲ್ಲ!

ಏಕೆ ನಾಟಲಿಲ್ಲ? ನಮ್ಮ ಆಸ್ಪತ್ರೆಗಳಲ್ಲಿರುವ ಮದ್ದು ನಾಲ್ಕು ಹಾವುಗಳಿಗೆ ಮಾತ್ರ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಮದ್ದು ಮಾಡುತ್ತಾರೆ. ಆ ವಿಷದ ಹೆಚ್ಚಿನ ಪಾಲು ಬರುವುದು ಚೆನ್ನೈ ಬಳಿ 1978ರಲ್ಲಿ ಶುರುವಾದ ಇರುಳರ ಸಹಕಾರ ಸಂಘದಿಂದ. ಆ ಬಡ ಇರುಳರ ದುಡಿಮೆಗೆ ದೇಶವೇ ಋಣಿ. ಆದರೆ ನಮ್ಮ ಗುಳಿಮಂಡಲದ ವಿಷ ಆ ಮದ್ದಿನ ಲೆಕ್ಕದಲ್ಲೇ ಇಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಮತ್ತು ಸಂಗಡಿಗರು ಇದೇ ಕೆಲಸದಲ್ಲಿದ್ದಾರೆ. ಈ ನಾಲ್ಕರ ಆಚೆಗಿನ ಹಲವು ವಿಷದ ಹಾವುಗಳ ಮುಂದೆ ಮಾರುಕಟ್ಟೆಯ ಮದ್ದು ಸೋಲುತ್ತದೆಂದು 2019ರಲ್ಲಿ ತೋರಿಸಿದರು. 2025ರಲ್ಲಿ ದೇಶದ 34 ಕಡೆಯ 115 ಕೊಳಕುಮಂಡಲಗಳ ವಿಷ ಪರೀಕ್ಷಿಸಿ, ಊರಿನ ಬಿಸಿಲು ಮಳೆಗೆ ತಕ್ಕಂತೆ ಒಂದೇ ಜಾತಿಯ ಹಾವಿನ ವಿಷವೂ ಬೇರೆಯಾಗುತ್ತದೆಂದು ಹೇಳಿದರು. ಅಂದರೆ ಕಾಡಿನ ಅಧ್ಯಯನ ಕಾಡಿನಲ್ಲೇ ಮುಗಿಯುವುದಿಲ್ಲ. ಅದು ರೋಗಿಯ ಹಾಸಿಗೆಯ ತನಕ ಬರಬೇಕು!

ಬಂದಿದೆಯೇ? ಸಂಶೋಧನೆ ಪ್ರಕಟವಾಗುವುದು ಇಂಗ್ಲಿಷಿನಲ್ಲಿ. ಹಾವು ಕಚ್ಚುವುದು ಕನ್ನಡ, ತುಳು, ಅರೆಭಾಷೆ ಆಡುವ ಕೂಲಿಯವನಿಗೆ. ಅವನು "ಉಚ್ಚು ಕಚ್ಚಿತು" ಎನ್ನುತ್ತಾನೆ. ಹಾವು ಹೇಗಿತ್ತು, ಎಷ್ಟು ಹೊತ್ತಾಯಿತು, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಅವನ ಮಾತಿನಲ್ಲೇ ಕೇಳುವವರು ಬೇಡವೇ? ಅವನ ಕೈಗೆ ಕೊಡುವ ಚೀಟಿ ಯಾವ ಭಾಷೆಯಲ್ಲಿದೆ? ಮೂತ್ರಪಿಂಡದ ತೊಂದರೆ ಮನೆಗೆ ಹೋದ ಮೇಲೂ ಕಾಣಿಸಬಹುದು. ಆ ಎಚ್ಚರಿಕೆ ಅವನಿಗೆ ಓದಲು ಬಾರದ ಭಾಷೆಯಲ್ಲಿದ್ದರೆ ಅದು ಎಚ್ಚರಿಕೆಯೇ ಅಲ್ಲ!

ಭಾರತದಲ್ಲಿ 2000ದಿಂದ 2019ರ ತನಕ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂಬುದು ಸಂಶೋಧಕರ ಅಂದಾಜು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಲೆಕ್ಕ ಬರೆದರೆ ಸಾಲದು.

ನಾವು ಕೇಳಬೇಕಾದದ್ದು ಮೂರು. ಒಂದು, ಘಟ್ಟದ ಹಾವುಗಳ ವಿಷಕ್ಕೂ ಮದ್ದು ತಯಾರಾಗಲಿ. ಎರಡು, ನಮ್ಮ ಕಾಡಿನಲ್ಲಿ ನಡೆದ ಸಂಶೋಧನೆಯ ಸಾರ ಕನ್ನಡದಲ್ಲಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಬರಲಿ. ಮೂರು, ರೋಗಿಗೆ ಕೊಡುವ ಸೂಚನೆ ಕನ್ನಡದಲ್ಲೇ ಇರಲಿ.

ಅದಕ್ಕೂ ಮೊದಲು ನಿಮ್ಮದೊಂದು ಕೆಲಸವಿದೆ. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಚೀಪಬೇಡಿ, ಹಗ್ಗ ಬಿಗಿಯಬೇಡಿ ಎನ್ನಿ. ಕಚ್ಚಿದ ಕೈ ಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಲಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯುವುದು ಬೇಡ, ಕೊಲ್ಲುವುದೂ ಬೇಡ. ಕಂಡದ್ದನ್ನು ಕಂಡಂತೆ ಹೇಳಿದರೆ ಸಾಕು. ಹಾವು ಯಾವುದೆಂದು ತಿಳಿಯದಿದ್ದರೂ, ಒಣ ಗಾಜಿನ ನಳಿಕೆಯಲ್ಲಿ ರಕ್ತವಿಟ್ಟು 20 ನಿಮಿಷದಲ್ಲಿ ಹೆಪ್ಪುಗಟ್ಟಿತೇ ಎಂದು ವೈದ್ಯರು ನೋಡಬಲ್ಲರು. ಮದ್ದು ಬೇಕೇ ಬೇಡವೇ ಎಂಬುದು ಅವರ ತೀರ್ಮಾನ.

ಕುಕ್ಕೆ ಸುಬ್ರಹ್ಮಣ್ಯ ಇರುವುದು ಕಡಬ ತಾಲೂಕಿನಲ್ಲೇ. ನಾಗಬನಕ್ಕೆ ಕತ್ತಿ ತಾಗಿಸದೆ ಉಳಿಸಿಕೊಂಡ ನಾಡು ಅದು. ಹಾವೂ ಉಳಿಯಲಿ, ಹುಲ್ಲು ಕೊಯ್ಯುವ ಅಮ್ಮನೂ ಉಳಿಯಲಿ. ಗೆಳೆಯರೇ, ಫೋನ್ ಮಾಡಲು ಮರೆಯಬೇಡಿ!