ಗಾಜು ಒಡೆದರೆ ಯಾರನ್ನು ಕೇಳಬೇಕು?

(ಗ್ರಾಹಕ ಜಾಗೃತಿ ಶಿಬಿರದಲ್ಲಿ ಮಾಡಿದ ಭಾಷಣ)



ಹೊಸ ಕಾರಿನ ಮುಂದಿನ ಗಾಜಿನಲ್ಲಿ ಬಿರುಕು ಬಂತು ಅಂದ್ರೆ ಶೋರೂಮಿನ ಉತ್ತರ ನಿಮಗೆ ಗೊತ್ತೇ ಇದೆ: "ಕಲ್ಲು ತಾಗಿರಬೇಕು, ವಾರಂಟಿ ಬರೋಲ್ಲ." ನಾವು ಸುಮ್ಮನೆ ಮನೆಗೆ ಬರುತ್ತೇವೆ. ಬರಬೇಕಾಗಿಲ್ಲ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಹಳೆಯ ಕೇಸು ಕೇಳಿ. 1930ರ ಮೇ ತಿಂಗಳಲ್ಲಿ ಬ್ಯಾಕ್ಸ್ಟರ್ ಎಂಬವರು ಡೀಲರ್ ಒಬ್ಬರಿಂದ ಫೋರ್ಡ್ ಕಂಪನಿಯ ಮಾಡೆಲ್ ಎ ಕಾರು ಕೊಂಡರು. ಎಂಥ ಪೆಟ್ಟು ಬಿದ್ದರೂ ಇದರ ಗಾಜು ಚೂರಾಗಿ ಹಾರುವುದಿಲ್ಲ ಎಂದು ಕಂಪನಿಯೇ ಕ್ಯಾಟಲಾಗಿನಲ್ಲಿ ಅಚ್ಚು ಹಾಕಿಸಿತ್ತು. ಅಕ್ಟೋಬರಿನಲ್ಲಿ ಘಾಟಿ ದಾರಿಯಲ್ಲಿ ಹೋಗುವಾಗ ಬೇರೊಂದು ಕಾರಿನಿಂದ ಸಿಡಿದ ಸಣ್ಣ ಕಲ್ಲೊಂದು ಗಾಜಿಗೆ ಬಡಿಯಿತು. ಚೂರು ಎಡಗಣ್ಣಿಗೆ ಹೊಕ್ಕಿತು, ಕಣ್ಣೇ ಹೋಯಿತು. "ನಾವು ಮಾರಿದ್ದು ಡೀಲರಿಗೆ, ನಿಮಗಲ್ಲ" ಎನ್ನುವುದು ಕಂಪನಿಯ ವಾದ. ಕೆಳಗಿನ ಕೋರ್ಟು ಕ್ಯಾಟಲಾಗನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಲೇ ಇಲ್ಲ. ಆದರೆ 1932ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಬೇರೆ ಹೇಳಿತು: ಗಾಜು ನೋಡಿ ಅದರ ಗುಣ ಅಳೆಯಲು ಸಾಮಾನ್ಯ ಗಿರಾಕಿಗೆ ಆಗುವುದಿಲ್ಲ, ಅವನು ಕಂಪನಿಯ ಮಾತು ನಂಬಿ ಕೊಳ್ಳುತ್ತಾನೆ, ಆ ಮಾತಿಗೆ ಕಂಪನಿಯೇ ಹೊಣೆ. ಕೇಸು ಮತ್ತೆ ನಡೆದು, 1934ರ ಮೇಲ್ಮನವಿಯಲ್ಲೂ ಬ್ಯಾಕ್ಸ್ಟರ್ ಗೆದ್ದರು. ಗೆಲ್ಲಿಸಿದ್ದು ನಾವು ರದ್ದಿಗೆ ಹಾಕುವಂಥ ಒಂದು ಕ್ಯಾಟಲಾಗು!

ಎಲ್ಲರೂ ಗೆದ್ದಿಲ್ಲ ಅನ್ನಿ. 1936ರಲ್ಲಿ ಇಂಗ್ಲೆಂಡಿನಲ್ಲಿ ಗಾಜು ತಯಾರಿಸಿದ ಕಂಪನಿಯ ಮೇಲೆ ಹೋದವರು ಸೋತರು. ಕಾರು ಕೊಂಡು ಒಂದು ವರ್ಷ ಆಗಿತ್ತು, ಗಾಜು ಕೂರಿಸುವಾಗಲೇ ಬಿಗಿತ ಬಿದ್ದಿರಬಹುದು, ತಯಾರಿಕೆಯ ದೋಷ ಅಂತ ಹೇಗೆ ಹೇಳೋದು ಎಂದಿತು ಕೋರ್ಟು.

ಹಾಗಾಗಿ ಪುರಾವೆಯೇ ಮುಖ್ಯ. ಕಲ್ಲು ತಾಗಿದ್ದರೆ ಸಾಮಾನ್ಯವಾಗಿ ಪೆಟ್ಟಿನ ಗುಳಿ ಇರುತ್ತದೆ, ಉಗುರಿಗೆ ಸಿಗುತ್ತದೆ. ಗುಳಿಯೇ ಇಲ್ಲದೆ ಬಿರುಕು ಗಾಜಿನ ಅಂಚಿನಿಂದ ಹೊರಟಿದ್ದರೆ ಗಾಜಿನದೋ ಜೋಡಣೆಯದೋ ದೋಷ ಇರಬಹುದು. ಕೂಡಲೇ ಫೋಟೋ ತೆಗೆಯಿರಿ, ದೂರನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. "ಇನ್ಶೂರೆನ್ಸಿನಲ್ಲಿ ಹೊಸದು ಹಾಕಿಸಿಬಿಡಿ" ಅಂತಾರೆ. ಅದು ಸುಲಭ, ನಿಜ. ಆದರೆ ಹಳೆ ಗಾಜಿನ ಜೊತೆ ನಿಮ್ಮ ಸಾಕ್ಷಿಯೂ ಹೋಯಿತು.

ನಮ್ಮಲ್ಲಿ 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ದೋಷದ ವಸ್ತುವಿನಿಂದ ಹಾನಿಯಾದರೆ ತಯಾರಕನೇ ಹೊಣೆ ಎನ್ನುತ್ತದೆ ಅದರ 84ನೇ ಕಲಂ. ಕೊಟ್ಟ ಭರವಸೆಯಂತೆ ವಸ್ತು ಇಲ್ಲದಿದ್ದರೆ, ಭರವಸೆ ಕೊಡುವಾಗ ನಮ್ಮ ನಿರ್ಲಕ್ಷ್ಯ ಇರಲಿಲ್ಲ ಎಂದು ಕಂಪನಿ ಸಾಧಿಸಿದರೂ ತಪ್ಪಿಸಿಕೊಳ್ಳಲಾಗದು. ಟ್ಯಾಕ್ಸಿಯವರಿಗೆ "ನೀವು ವ್ಯಾಪಾರಕ್ಕೆ ಕೊಂಡದ್ದು, ಗ್ರಾಹಕರಲ್ಲ" ಎಂದು ಹೆದರಿಸುವುದುಂಟು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡಿದ್ದರೆ ನೀವೂ ಗ್ರಾಹಕರೇ.

ದೂರನ್ನು ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೊಡಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. ದೋಷ ಇದೆಯೋ ಇಲ್ಲವೋ ಎಂದು ಆಯೋಗ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಬಹುದು. ಆದರೆ ಎರಡು ವರ್ಷದೊಳಗೆ ಹೋಗಬೇಕು. ಮೊದಲು ವಿಚಾರಿಸಲು 1915ಕ್ಕೆ ಫೋನ್ ಮಾಡಿ. ಬಿಲ್ಲು, ವಾರಂಟಿ ಪುಸ್ತಕದ ಜೊತೆ ಕಾರು ತೋರಿಸುವಾಗ ಕೊಟ್ಟ ಬಣ್ಣದ ಕ್ಯಾಟಲಾಗನ್ನೂ ಇವತ್ತೇ ಒಂದು ಫೈಲಿಗೆ ಹಾಕಿಡಿ.