ಮಡಚಿ ಕಳಿಸುವ ಕವಾಟ



ಕಾರ್ಯಕ್ರಮ ನೋಡಿದವರಿಗೆ ನೆನಪಿರಬಹುದು, ನನ್ನ ಮುಂದಿನ ಮೇಜಿನ ಮೇಲೆ ಒಂದು ಮಡಚುವ ಛತ್ರಿ ಇತ್ತು. ಹೃದಯದ ವಿಷಯಕ್ಕೂ ಛತ್ರಿಗೂ ಏನು ಸಂಬಂಧ ಎಂದು ನಮ್ಮ ಕ್ಯಾಮೆರಾಮನ್ ಕೂಡ ಕೇಳಿದ್ದರು. ಸ್ವಲ್ಪ ತಾಳಿ, ಆ ಮಾತಿಗೆ ಬರುತ್ತೇನೆ.

ಹೃದಯದ ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ರಕ್ತ ಹೊರಡುವ ಕಡೆ ಒಂದು ಕವಾಟವಿದೆ. ಅದಕ್ಕೆ ತೆಳುವಾದ ಮೂರು ಎಸಳುಗಳು. ದಿನಕ್ಕೆ ಸುಮಾರು 1 ಲಕ್ಷ ಸಲ ಅದು ತೆರೆದು ಮುಚ್ಚುತ್ತದೆ. ವಯಸ್ಸಾದ ಕೆಲವರಲ್ಲಿ ಈ ಎಸಳುಗಳ ಮೇಲೆ ಕ್ಯಾಲ್ಸಿಯಂ ಕೂಡುತ್ತಾ ಹೋಗುತ್ತದೆ. ಬಚ್ಚಲುಮನೆಯ ಹಂಡೆಯೊಳಗೆ ಸುಣ್ಣ ಕಟ್ಟುತ್ತದಲ್ಲ, ನೋಡಲು ಹಾಗೆಯೇ. 3ರಿಂದ 4 ಚದರ ಸೆಂಟಿಮೀಟರ್ ತೆರೆಯಬೇಕಾದ ಬಾಗಿಲು 1 ಚದರ ಸೆಂಟಿಮೀಟರಿಗಿಂತ ಕಿರಿದಾಗುತ್ತದೆ. ಆಗ ಏದುಸಿರು, ಎದೆನೋವು, ಕಣ್ಣು ಕತ್ತಲೆ ಬಂದು ಬೀಳುವುದು. ಈ ಸುಣ್ಣವನ್ನು ಕರಗಿಸುವ ಔಷಧಿ ಇಲ್ಲ. ಕವಾಟವನ್ನೇ ಬದಲಿಸಬೇಕು.

ಬದಲಿಸುವ ವಿದ್ಯೆ 1960ರ ದಶಕದಿಂದಲೂ ಇದೆ. ಎದೆಯ ಮೂಳೆಯನ್ನು ಸೀಳಿ, ರಕ್ತವನ್ನು ಯಂತ್ರದ ಮೂಲಕ ಹರಿಸಿ, ಹೃದಯವನ್ನು ನಿಲ್ಲಿಸಿ, ಹಳೆಯದನ್ನು ಕತ್ತರಿಸಿ ತೆಗೆದು ಹೊಸದನ್ನು ಹೊಲಿಯುವುದು. ಗಟ್ಟಿಮುಟ್ಟಾದವರು ಇದನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತಾರೆ. ಆದರೆ ಈ ಕಾಯಿಲೆ ಬರುವುದೇ ಹೆಚ್ಚಾಗಿ ಮುದಿ ವಯಸ್ಸಿನಲ್ಲಿ. 1998ರಲ್ಲಿ, ನಾನು ಬಿ.ಎಸ್ಸಿ. ಓದುತ್ತಿದ್ದಾಗ, ನಮ್ಮ ಅಜ್ಜಿ ನಾಲ್ಕು ಮೆಟ್ಟಿಲು ಹತ್ತಿ ಕೂತುಬಿಡುತ್ತಿದ್ದರು. ಕಾಯಿಲೆ ಯಾವುದೆಂದು ಡಾಕ್ಟರು ಹೇಳಿದರು, ಅದಕ್ಕೆ ಏನು ಮಾಡಬೇಕೆಂಬುದನ್ನೂ ಹೇಳಿದರು. ಆಮೇಲೆ, ಈ ವಯಸ್ಸಿಗೆ ಎದೆ ತೆರೆಯುವುದು ಬೇಡ ಎಂದರು. ಅಜ್ಜಿ ಮುಂದಿನ ವರ್ಷ ತೀರಿಕೊಂಡರು. ಡಾಕ್ಟರ ಮಾತು ತಪ್ಪಾಗಿರಲಿಲ್ಲ. ಆಗ ಬೇರೆ ದಾರಿ ಇರಲಿಲ್ಲ.

ಆದರೆ ಬೇರೆ ದಾರಿಯ ಯೋಚನೆ ಅದಕ್ಕೂ ಮುಂಚೆಯೇ ಹುಟ್ಟಿತ್ತು. 1989ರ ಫೆಬ್ರವರಿಯಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದ ಯುವ ವೈದ್ಯ ಹೆನ್ನಿಂಗ್ ರುಡ್ ಆಂಡರ್ಸನ್ ಅಮೆರಿಕದ ಅರಿಜೋನಾದಲ್ಲಿ ಒಂದು ಉಪನ್ಯಾಸ ಕೇಳುತ್ತಿದ್ದರು. ಹೃದಯದ ರಕ್ತನಾಳದೊಳಗೆ ಬಲೂನಿನಿಂದ ಹಿಗ್ಗಿಸುವ ಲೋಹದ ಜಾಲರಿ, ಅಂದರೆ ಸ್ಟೆಂಟ್, ಅಂದಿನ ವಿಷಯ. ಇದನ್ನೇ ದೊಡ್ಡದು ಮಾಡಿ ಒಳಗೆ ಒಂದು ಕವಾಟವನ್ನು ಹೊಲಿದರೆ ಹೇಗೆ? ಊರಿಗೆ ಮರಳಿದವರೇ ಸ್ಟೀಲ್ ತಂತಿಯನ್ನು ಕೈಯಿಂದ ಬಾಗಿಸಿ ಚೌಕಟ್ಟು ಮಾಡಿದರು. ಮಾಂಸದ ಅಂಗಡಿಯಿಂದ ಹಂದಿಯ ಹೃದಯಗಳನ್ನು ತಂದು ಕವಾಟ ಬಿಡಿಸಿಕೊಂಡರು. 1989ರ ಮೇ 1ರಂದು, ಮಡಚಿದ ಆ ಕವಾಟವನ್ನು ಒಂದು ಹಂದಿಯ ರಕ್ತನಾಳದ ಮೂಲಕ ಕಳಿಸಿ, ಒಳಗೆ ಅರಳಿಸಿದರು. ಮಡಚಿದ ಛತ್ರಿ ಕಿರಿದಾದ ಬಾಗಿಲಲ್ಲಿ ನುಗ್ಗಿ ಆಚೆ ಬಿಚ್ಚಿಕೊಂಡ ಹಾಗೆ. ನನ್ನ ಮೇಜಿನ ಮೇಲಿದ್ದ ಛತ್ರಿ ಇದಕ್ಕೇ.

ವೈದ್ಯ ಪತ್ರಿಕೆಗಳು ಅವರ ಲೇಖನವನ್ನು ತಿರಸ್ಕರಿಸಿದವು. ಅದು ಅಚ್ಚಾದದ್ದು 1992ರಲ್ಲಿ. ಅವರ ನಳಿಕೆಯ ದಪ್ಪ 13 ಮಿಲಿಮೀಟರಿಗೂ ಹೆಚ್ಚು. ಮನುಷ್ಯನ ತೊಡೆಯ ಅಪಧಮನಿಯಲ್ಲಿ ಅಷ್ಟು ದಪ್ಪದ ಕೊಳವೆ ಹೋಗುವುದಿಲ್ಲ, ಅನುಮಾನಿಸಿದವರಲ್ಲೂ ಕಾರಣವಿತ್ತು.

ಇತ್ತ ಫ್ರಾನ್ಸಿನ ರುವಾಂ ನಗರದಲ್ಲಿ ಅಲೇನ್ ಕ್ರಿಬಿಯೆ ಎಂಬ ಹೃದ್ರೋಗ ತಜ್ಞರು 1985ರಿಂದಲೇ ಸುಣ್ಣಗಟ್ಟಿದ ಕವಾಟವನ್ನು ಬಲೂನಿನಿಂದ ಅಗಲಿಸುತ್ತಿದ್ದರು. ರೋಗಿ ಗೆಲುವಾಗುತ್ತಿದ್ದ, ಆದರೆ ತಿಂಗಳುಗಳಲ್ಲೇ ಕವಾಟ ಮತ್ತೆ ಬಿಗಿಯುತ್ತಿತ್ತು. ಹಾಗಾದರೆ ತೆರೆದ ಬಾಗಿಲಿಗೆ ಒಂದು ಚೌಕಟ್ಟು ಕೊಡಬೇಕು. ಇಲ್ಲೊಂದು ಭಯವಿತ್ತು. ಹೃದಯಕ್ಕೇ ರಕ್ತ ಕೊಡುವ ಕರೋನರಿ ನಾಳಗಳ ಬಾಯಿ ಈ ಕವಾಟದ ತುಸು ಮೇಲೆಯೇ ಇದೆ. ಜಾಲರಿ ಅದನ್ನು ಮುಚ್ಚಿದರೆ ರೋಗಿ ಮೇಜಿನ ಮೇಲೆಯೇ ಸಾಯುತ್ತಾನೆ. ಕ್ರಿಬಿಯೆ ಶವಗಳಿಂದ ತೆಗೆದ ಹೃದಯಗಳಲ್ಲಿ ಜಾಲರಿಯನ್ನು ಕೂರಿಸಿ, ಎತ್ತರ ಸರಿಯಾಗಿದ್ದರೆ ಅದು ಅಲ್ಲಿಗೆ ಮುಟ್ಟುವುದಿಲ್ಲ ಎಂದು ತೋರಿಸಿದರು. ಸುಣ್ಣವೇ ಜಾಲರಿಯನ್ನು ಭದ್ರವಾಗಿ ಹಿಡಿಯುವುದೂ ಕಂಡಿತು. ಶತ್ರುವೇ ಗೂಟವಾಯಿತು! ಆದರೂ ಅದನ್ನು ತಯಾರಿಸಲು ಕಂಪನಿಗಳು ಮುಂದೆ ಬರಲು ವರ್ಷಗಳೇ ಹಿಡಿದವು.

2002ರ ಏಪ್ರಿಲ್ 16ರಂದು ಅವರ ಮುಂದೆ 57 ವರ್ಷದ ಒಬ್ಬ ರೋಗಿ ಇದ್ದ. ಶಸ್ತ್ರಚಿಕಿತ್ಸಕರು ಕೈಬಿಟ್ಟಿದ್ದ, ರಕ್ತದೊತ್ತಡ ಕುಸಿದಿದ್ದ ಮನುಷ್ಯ. ಕಾಲಿನ ಅಪಧಮನಿಗಳೂ ಕಟ್ಟಿಕೊಂಡಿದ್ದವು. ಹಾಗಾಗಿ ಅಭಿಧಮನಿಯಿಂದ ಬಂದು, ಎರಡು ಹೃತ್ಕರ್ಣಗಳ ನಡುವಿನ ಗೋಡೆಯನ್ನು ಚುಚ್ಚಿ, ಸುತ್ತುದಾರಿಯಲ್ಲಿ ಕವಾಟವನ್ನು ತಲುಪಿದರು. ಕವಾಟ ಅರಳಿತು, ಒತ್ತಡ ಏರಿತು, ಮೈಬಣ್ಣ ಮರಳಿತು. ಸುಮಾರು ನಾಲ್ಕು ತಿಂಗಳ ನಂತರ ಆತ ತೀರಿಕೊಂಡ, ಕಾಲಿನ ತೊಂದರೆಯಿಂದ. ಹೊಸ ಕವಾಟ ಕೆಟ್ಟಿರಲಿಲ್ಲ.

ಇಂದು ಹೆಚ್ಚಿನವರಿಗೆ ತೊಡೆಸಂದಿನ ಅಪಧಮನಿಯೇ ದಾರಿ. ಹಸುವಿನ ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿದ ಎಸಳುಗಳನ್ನು ಜಾಲರಿಯೊಳಗೆ ಹೊಲಿದು, ಬಲೂನಿನ ಮೇಲೆ ಬಿಗಿಯಾಗಿ ಹಿಸುಕುತ್ತಾರೆ. ಎಕ್ಸ್-ರೇ ಪರದೆ ನೋಡುತ್ತಾ ತಂತಿಯ ಜಾಡಿನಲ್ಲಿ ಅದನ್ನು ಮೇಲಕ್ಕೆ ತಳ್ಳುತ್ತಾರೆ. ಬಲೂನು ಉಬ್ಬುವ ಕ್ಷಣದಲ್ಲಿ ರಕ್ತದ ರಭಸ ಕವಾಟವನ್ನು ತಳ್ಳಿಕೊಂಡು ಹೋಗಬಾರದಲ್ಲ? ಅದಕ್ಕೊಂದು ಜಾಣ ಉಪಾಯವಿದೆ. ವಿದ್ಯುತ್ತಿನಿಂದ ಹೃದಯವನ್ನು ನಿಮಿಷಕ್ಕೆ ಸುಮಾರು 180 ಸಲ ಬಡಿಯುವಂತೆ ಮಾಡುತ್ತಾರೆ. ಅಷ್ಟು ವೇಗದಲ್ಲಿ ಹೃದಯ ತುಂಬಿಕೊಳ್ಳುವುದಿಲ್ಲ, ಆದ್ದರಿಂದ ರಕ್ತ ಚಿಮ್ಮುವುದೂ ಇಲ್ಲ. ಆ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯಬೇಕು. ಹಳೆಯ ಕವಾಟವನ್ನು ತೆಗೆಯುವುದಿಲ್ಲ, ಗೋಡೆಗೆ ಒತ್ತಿಬಿಡುತ್ತಾರೆ. ಸ್ವಂತವಾಗಿ ಅರಳುವ, ಬಲೂನು ಬೇಡದ ಮಾದರಿಗಳೂ ಇವೆ.

ಇದರಿಂದ ಎಷ್ಟು ಜನ ಉಳಿದರು? 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಶಸ್ತ್ರಚಿಕಿತ್ಸೆ ತಾಳಲಾರದ 358 ರೋಗಿಗಳಿದ್ದರು. ಹಳೆಯ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದೊಳಗೆ ಶೇಕಡ 50.7 ಮಂದಿ ಸತ್ತರು, ಹೊಸ ಕವಾಟ ಪಡೆದವರಲ್ಲಿ ಶೇಕಡ 30.7. ಅಂದರೆ ಐದು ಜನರಿಗೆ ಕವಾಟ ಹಾಕಿದರೆ ಒಂದು ಜೀವ ಹೆಚ್ಚಿಗೆ ಉಳಿಯಿತು. ಆದರೆ ಆ ಪರೀಕ್ಷೆಯಲ್ಲೇ ಪಾರ್ಶ್ವವಾಯು ಹೊಸ ಕವಾಟದವರಲ್ಲಿ ಹೆಚ್ಚಾಗಿತ್ತು. ಅಂಥ ಅಂಕಿಯನ್ನು ಬಿಟ್ಟು ಬರೀ ಒಳ್ಳೆಯದನ್ನು ತೋರಿಸುವ ಕಾರ್ಯಕ್ರಮಗಳನ್ನು ನಂಬಬೇಡಿ, ನಮ್ಮದಾದರೂ ಸರಿ. ನಳಿಕೆ ತೆಳುವಾದಂತೆ ಅಪಾಯವೂ ತಗ್ಗಿದೆ. ಕೆಲವರಿಗೆ ಮಾತ್ರ ಈಗಲೂ ಪೇಸ್‌ಮೇಕರ್ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕು. ಇಲ್ಲಿ ಚಿಕ್ಕ ವಯಸ್ಸಿನವರ ಕವಾಟ ಕೆಡುವುದು ಬಹುಮಟ್ಟಿಗೆ ರುಮ್ಯಾಟಿಕ್ ಜ್ವರದಿಂದ, ಅದೂ ಹೆಚ್ಚಾಗಿ ಎಡಭಾಗದ ಎರಡೆಸಳಿನ ಮೈಟ್ರಲ್ ಕವಾಟ. ಅಲ್ಲಿ ಜಾಲರಿ ಕಚ್ಚಿಕೊಳ್ಳಲು ಸಾಮಾನ್ಯವಾಗಿ ಅಷ್ಟು ಸುಣ್ಣವಿರುವುದಿಲ್ಲ. ಪ್ರಾಣಿಯ ಅಂಗಾಂಶದ ಎಸಳೂ ವರ್ಷಗಳು ಕಳೆದಂತೆ ಸವೆಯುತ್ತದೆ. 80ರ ಅಜ್ಜಿಗೆ ಅದು ಸಾಕು, 30ರ ತಾಯಿಗೆ ಸಾಲದು. ಬೆಲೆಯಂತೂ ಹಲವು ಲಕ್ಷ ರೂಪಾಯಿ. ಹಳೆಯ ಜಾಲರಿಯೊಳಗೇ ಎರಡನೆಯ ಕವಾಟವನ್ನು ಅರಳಿಸುವ ಕೆಲಸ ಈಗ ನಡೆಯುತ್ತಿದೆ. ಮೂರನೆಯದಕ್ಕೆ ಒಳಗೆ ಜಾಗ ಉಳಿದಿರುತ್ತದೆಯೇ ಎಂಬ ಲೆಕ್ಕವನ್ನು ಡಾಕ್ಟರುಗಳು ಮೊದಲನೆಯದನ್ನು ಹಾಕುವಾಗಲೇ ಹಾಕಬೇಕಾಗಿದೆ.